ಚಾರ್ಟರ್ಡ್ ಎಂಜಿನಿಯರ್ ಆದರೆ ಎಲ್ಲದಕ್ಕೂ ಸಹಿ ಹಾಕಬಹುದೇ?

ಪ್ರಶ್ನೆ: ನಾನು ತುಮಕೂರಿನವನು, ವಯಸ್ಸು 34. ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಮೆಕ್ಯಾನಿಕಲ್ ಬಿ.ಇ. ಮಾಡಿದೆ. 11 ವರ್ಷದಿಂದ ಪೀಣ್ಯದ ಒಂದು ಕಂಪನಿಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ. ನಾವು ಮಾಡುವ ಬಿಡಿಭಾಗಗಳು ರಫ್ತಾಗುತ್ತವೆ, ಯಂತ್ರಗಳು ಹೊರದೇಶದಿಂದ ಬರುತ್ತವೆ. ಯಂತ್ರ ಬಂದಾಗಲೆಲ್ಲ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟಿಗೆ ಹೊರಗಿನವರಿಗೆ ದುಡ್ಡು ಕೊಡಬೇಕು. ಈಗ ಮಾಲೀಕರು, 'ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ಗೆ ನೀನೇ ಮೆಂಬರ್ ಆಗು, ಚಾರ್ಟರ್ಡ್ ಎಂಜಿನಿಯರ್ ಆಗಿಬಿಡು, ಫೀಸು ಕಂಪನಿ ಕಟ್ಟುತ್ತೆ' ಎನ್ನುತ್ತಿದ್ದಾರೆ. ಗೆಳೆಯನೊಬ್ಬ, ಅದು ಸಿಕ್ಕರೆ ಬ್ಯಾಂಕ್ ವ್ಯಾಲ್ಯುಯೇಷನ್, ಬಿಲ್ಡಿಂಗ್ ಪ್ಲಾನ್ ಎಲ್ಲಕ್ಕೂ ಸಹಿ ಹಾಕಬಹುದು, ಕೆನಡಾದಲ್ಲೂ ನಡೆಯುತ್ತದೆ ಎನ್ನುತ್ತಾನೆ. ಇನ್ನೊಬ್ಬ, ಅದೆಲ್ಲ ಎಂಜಿನಿಯರ್ಸ್ ಡೇ ಹಾರ-ತುರಾಯಿಗೆ ಇರೋ ಸಂಘ, ದುಡ್ಡು ದಂಡ ಎನ್ನುತ್ತಾನೆ. ಇದರ ನಡುವೆ ಡಿಪ್ಲೊಮಾ ಮುಗಿಸಿರುವ ನನ್ನ ತಮ್ಮನಿಗೆ ಒಂದು ಕೋಚಿಂಗ್ ಸೆಂಟರಿನವರು, ಅದೇ ಸಂಸ್ಥೆಯ ಎಎಂಐಇ ಪರೀಕ್ಷೆ ಬರೆದರೆ ಬಿ.ಟೆಕ್‌ಗೆ ಸಮ, ಸರ್ಕಾರಿ ಕೆಲಸಕ್ಕೂ ಆಗುತ್ತದೆ ಎಂದು ಹೇಳಿ ಅಡ್ವಾನ್ಸ್ ಕೇಳುತ್ತಿದ್ದಾರೆ. ಇದರಲ್ಲಿ ಯಾವುದು ನಿಜ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಮೂರ್ನಾಲ್ಕು ಇವೆ, ಆದರೆ ಆತಂಕ ಒಂದೇ: ಈ ಕಾಗದಕ್ಕೆ ಎಲ್ಲಿ ಬೆಲೆ ಇದೆ, ಎಲ್ಲಿ ಇಲ್ಲ? ನಿಮಗೆ ಹೇಳಿದವರೆಲ್ಲರ ಮಾತಿನಲ್ಲೂ ಒಂದು ಚೂರು ನಿಜ ಇದೆ. ತೊಂದರೆ ಆಗಿರುವುದೇ ಅದರಿಂದ. ಪೂರ್ತಿ ಸುಳ್ಳಾಗಿದ್ದರೆ ನೀವು ಕಾಗದ ಬರೆಯುತ್ತಲೇ ಇರಲಿಲ್ಲ, ಅಲ್ವಾ?

ಮೊದಲು ತಮ್ಮನ ವಿಷಯ. ಅಲ್ಲಿ ಅಡ್ವಾನ್ಸ್ ಕೇಳುತ್ತಿದ್ದಾರೆ, ಆದ್ದರಿಂದ ಅದೇ ಅವಸರದ್ದು. ಅಡ್ವಾನ್ಸ್ ಕೊಡಬೇಡಿ. ಕಾರಣ ಹೇಳುತ್ತೇನೆ.

ಎಎಂಐಇ ಎನ್ನುವ ನಾಲ್ಕಕ್ಷರ ಎರಡು ಬೇರೆ ಬೇರೆ ವಿಷಯಗಳಿಗೆ ಓಡಾಡುತ್ತದೆ. ಒಂದು, ಸಂಸ್ಥೆಯ ಸದಸ್ಯತ್ವದ ಒಂದು ದರ್ಜೆ. ಬಿ.ಇ. ಮಾಡಿದವರು ನೇರವಾಗಿ ಅರ್ಜಿ ಹಾಕಿ ಅಸೋಸಿಯೇಟ್ ಮೆಂಬರ್ ಆಗುತ್ತಾರೆ, ಪರೀಕ್ಷೆ ಇಲ್ಲ. ಇನ್ನೊಂದು, ಸೆಕ್ಷನ್ ಎ ಮತ್ತು ಸೆಕ್ಷನ್ ಬಿ ಎಂದು ಎರಡು ಹಂತದಲ್ಲಿ ಸಂಸ್ಥೆಯೇ ನಡೆಸುವ ಪರೀಕ್ಷೆ. ಕಾಲೇಜಿಗೆ ಹೋಗಲು ಆಗದವರಿಗೆ ಇದು ದೊಡ್ಡ ದಾರಿಯಾಗಿತ್ತು. ಬೆಂಗಳೂರಿನ ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳಲ್ಲಿ ಡಿಪ್ಲೊಮಾ ಮಾಡಿ ಸೇರಿದ ಎಷ್ಟೋ ಜನ ಶಿಫ್ಟ್ ಮುಗಿಸಿ ಬಂದು, ರಾತ್ರಿ ಓದಿ, ಒಂದೊಂದೇ ಪೇಪರ್ ಪಾಸು ಮಾಡಿಕೊಂಡು ಎಂಜಿನಿಯರ್ ಆದರು. ಆ ಪರೀಕ್ಷೆ ಸುಲಭದ್ದಲ್ಲ. ಪಾಸಾದವರನ್ನು ನಾನು ಇವತ್ತಿಗೂ ಗೌರವದಿಂದ ನೋಡುತ್ತೇನೆ. ಆಗ ಕೇಂದ್ರ ಸರ್ಕಾರ ಅದನ್ನು ಎಂಜಿನಿಯರಿಂಗ್ ಪದವಿಗೆ ಸಮ ಎಂದು ಒಪ್ಪಿಕೊಂಡಿತ್ತು.

ಈಗಿನ ಕಥೆ ಬೇರೆ. 2012ರ ಜುಲೈಯಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಇಂಥ ಸಂಸ್ಥೆಗಳ ಪರೀಕ್ಷೆಗಳಿಗೆ ಕೊಟ್ಟಿದ್ದ ಕಾಯಂ ಮಾನ್ಯತೆಯನ್ನು ನಿಲ್ಲಿಸುವ ಆದೇಶ ಹೊರಡಿಸಿತು. 2013ರ ಮೇ 31ರ ಒಳಗೆ ಹೆಸರು ನೋಂದಾಯಿಸಿದವರಿಗೆ ಹಳೆಯ ಮಾನ್ಯತೆ ಉಳಿಯಿತು. ಅವರು ಪರೀಕ್ಷೆಯನ್ನು ತಡವಾಗಿ ಪಾಸು ಮಾಡಿದ್ದರೂ ಸರಿ, ಲೆಕ್ಕಕ್ಕೆ ಬರುವುದು ನೋಂದಣಿಯ ದಿನಾಂಕ. ನಿಮ್ಮ ತಮ್ಮ ಈಗ ಸೇರುವವನು. ಹಾಗಾಗಿ 'ಬಿ.ಟೆಕ್‌ಗೆ ಸಮ' ಎಂಬ ಮಾತು ಅವನಿಗೆ ಅನ್ವಯಿಸುವುದಿಲ್ಲ. ಕೋಚಿಂಗ್ ಸೆಂಟರಿನವರು ಬಹುಶಃ ಸುಳ್ಳು ಹೇಳದೆಯೇ ದಾರಿ ತಪ್ಪಿಸುತ್ತಿದ್ದಾರೆ. ಅವರ ಗೋಡೆ ಮೇಲಿರುವ ಫೋಟೋಗಳು ನಿಜವೇ ಇರಬಹುದು, ಆ ಹುಡುಗರಿಗೆ ಕೆಲಸ ಸಿಕ್ಕಿದ್ದೂ ನಿಜವೇ ಇರಬಹುದು. ಆದರೆ ಅವರು ಯಾವ ವರ್ಷ ನೋಂದಾಯಿಸಿದ್ದರು ಎಂದು ಕೇಳಿ ನೋಡಿ. 'ಈಗ ಸೇರುವವರಿಗೂ ಮಾನ್ಯತೆ ಇದೆ ಎನ್ನುವ ಸರ್ಕಾರಿ ಪತ್ರ ತೋರಿಸಿ' ಎಂದೂ ಕೇಳಿ. ಮಾತು ಅಲ್ಲಿಗೆ ಮುಗಿಯುತ್ತದೆ.

ತಮ್ಮನಿಗೆ ಬೇರೆ ದಾರಿಗಳಿವೆ. ನೀವೇ ಬಂದ ದಾರಿ, ಅಂದರೆ ಡಿಪ್ಲೊಮಾದವರಿಗೆ ಅಂತ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರುವುದು, ಇವತ್ತಿಗೂ ಎಲ್ಲಕ್ಕಿಂತ ಗಟ್ಟಿ. ಕೆಲಸ ಬಿಡಲು ಆಗದಿದ್ದರೆ, ಕೆಲಸದಲ್ಲಿರುವವರಿಗೆ ಅಂತಲೇ ಸಮಯ ಹೊಂದಿಸಿ ಪಾಠ ಮಾಡುವ ಬ್ಯಾಚ್‌ಗಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ 2023-24ರಿಂದ ಅನುಮತಿ ಕೊಡುತ್ತಿದೆ. ಹತ್ತಿರದ ಯಾವ ಕಾಲೇಜಿನಲ್ಲಿ ಇದೆ ನೋಡಿ, ಅನುಮತಿ ಪತ್ರವನ್ನು ಕಣ್ಣಾರೆ ನೋಡಿಯೇ ಫೀಸು ಕಟ್ಟಿ. ದೂರಶಿಕ್ಷಣದ ಬಿ.ಟೆಕ್ ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಎಂಜಿನಿಯರಿಂಗ್ ಪದವಿಯನ್ನು ಅಂಚೆಯಲ್ಲಿ ಕಲಿಸಲು ಎಐಸಿಟಿಇ ಒಪ್ಪುವುದಿಲ್ಲ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಕೊಟ್ಟಿದ್ದ ಅಂಥ ಪದವಿಗಳ ಮೇಲೆ ಬಹಳ ಖಾರವಾದ ತೀರ್ಪು ಕೊಟ್ಟಿದೆ.

ಇನ್ನು ನಿಮ್ಮ ವಿಷಯ. ಈ ಸಂಸ್ಥೆ ಯಾವುದು, ಅದಕ್ಕೆ ಏನು ಅಧಿಕಾರ ಇದೆ ಎನ್ನುವುದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್, ಇಂಡಿಯಾ. ನಾವೆಲ್ಲ ಐಇಐ ಎನ್ನುತ್ತೇವೆ. 1920ರಲ್ಲಿ ಮದ್ರಾಸಿನಲ್ಲಿ ನೋಂದಣಿಯಾಯಿತು, ಮುಂದಿನ ವರ್ಷ ಕಲ್ಕತ್ತೆಯಲ್ಲಿ ವೈಸರಾಯ್ ಚೆಲ್ಮ್ಸ್‌ಫರ್ಡ್ ಉದ್ಘಾಟಿಸಿದರು. 1935ರಲ್ಲಿ ಐದನೇ ಜಾರ್ಜ್ ದೊರೆಯಿಂದ ರಾಯಲ್ ಚಾರ್ಟರ್ ಸಿಕ್ಕಿತು. 'ಚಾರ್ಟರ್ಡ್' ಬಂದದ್ದು ಅಲ್ಲಿಂದಲೇ. ಕೇಂದ್ರ ಕಚೇರಿ ಇವತ್ತಿಗೂ ಕೋಲ್ಕತ್ತದ ಗೋಖಲೆ ರಸ್ತೆಯಲ್ಲಿದೆ. ನಮ್ಮ ರಾಜ್ಯ ಕೇಂದ್ರ ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ, ವಿಧಾನಸೌಧದಿಂದ ನಡೆದುಕೊಂಡು ಹೋಗುವಷ್ಟು ದೂರ. ಮೈಸೂರಿನಲ್ಲಿ ಜೆಎಲ್‌ಬಿ ರಸ್ತೆಯಲ್ಲಿ ಸ್ಥಳೀಯ ಕೇಂದ್ರ ಇದೆ. ಮಂಗಳೂರು, ಬೆಳಗಾವಿಗಳಲ್ಲೂ ಇವೆ.

ಗಮನಿಸಬೇಕಾದ ಮಾತು ಮುಂದಿನದು. ವಕೀಲರಿಗೆ 1961ರ ಕಾಯ್ದೆ ಇದೆ. ಚಾರ್ಟರ್ಡ್ ಅಕೌಂಟೆಂಟರಿಗೆ 1949ರದ್ದು, ಆರ್ಕಿಟೆಕ್ಟರಿಗೆ 1972ರದ್ದು. ಬಾರ್ ಕೌನ್ಸಿಲ್‌ನಲ್ಲಿ ಹೆಸರಿಲ್ಲದೆ ಕೋರ್ಟಿನಲ್ಲಿ ವಕಾಲತ್ತು ಹಾಕುವ ಹಾಗಿಲ್ಲ. ಎಂಜಿನಿಯರುಗಳಿಗೆ ಇಂಥದ್ದೊಂದು ಕೇಂದ್ರ ಕಾಯ್ದೆ ಇಲ್ಲವೇ ಇಲ್ಲ. ಕರಡು ಮಸೂದೆಗಳು ಬಂದವು, ಚರ್ಚೆ ಆಯಿತು, ಕಾಯ್ದೆ ಮಾತ್ರ ಆಗಲಿಲ್ಲ. ಗುಜರಾತ್ 2006ರಲ್ಲಿ ಸಿವಿಲ್ ಎಂಜಿನಿಯರುಗಳಿಗೆ ಮಾತ್ರ ತನ್ನದೇ ಕಾಯ್ದೆ ಮಾಡಿಕೊಂಡಿತು, ಅಷ್ಟೆ. ಆದ್ದರಿಂದ ಐಇಐ ಎಷ್ಟೇ ಹಳೆಯದಾಗಿರಲಿ, ಅದು ಲೈಸೆನ್ಸ್ ಕೊಡುವ ಇಲಾಖೆ ಅಲ್ಲ. ವೃತ್ತಿಯವರ ಸಂಘ. 'ಇವರ ಓದು, ಅನುಭವ ನಾವು ಪರಿಶೀಲಿಸಿದ್ದೇವೆ, ನಮ್ಮ ನೀತಿಸಂಹಿತೆಗೆ ಇವರು ಬದ್ಧರು' ಎಂದು ಅದು ಹೇಳುತ್ತದೆ. ಹುಡುಗ ಒಳ್ಳೆಯವನು ಎಂದು ಊರ ಹಿರಿಯರು ಹೇಳಿದ ಹಾಗೆ. ಆ ಮಾತಿಗೆ ತೂಕ ಇದೆ, ಆದರೆ ಹೆಣ್ಣು ಕೊಡುವುದು ಬಿಡುವುದು ಹುಡುಗಿ ಮನೆಯವರಿಗೆ ಬಿಟ್ಟದ್ದು. ಕಸ್ಟಮ್ಸ್, ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ), ಬ್ಯಾಂಕು, ಪಾಲಿಕೆ, ಕೆನಡಾದ ನಿಯಂತ್ರಣ ಮಂಡಳಿ ಇವೆಲ್ಲ ಒಂದೊಂದು ಮನೆ. ಒಂದೊಂದಕ್ಕೂ ಅದರದೇ ನಿಯಮ.

ಹಾಗಾಗಿ ಯಾರಾದರೂ 'ಈ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ' ಎಂದಾಗ ನಾನು ಕೇಳುವ ಪ್ರಶ್ನೆ ಒಂದೇ. ಮೇಜಿನ ಆ ಕಡೆ ಕೂತು ಇದನ್ನು ಕೇಳುವವರು ಯಾರು? ಅವರ ನಿಯಮದಲ್ಲಿ ಇದರ ಹೆಸರು ಇದೆಯಾ? ಇದ್ದರೆ ದುಡ್ಡು ಹಾಕಿ. ಇಲ್ಲದಿದ್ದರೆ ಅದು ವಿಸಿಟಿಂಗ್ ಕಾರ್ಡಿನ ಅಲಂಕಾರ.

ದರ್ಜೆಗಳ ಬಗ್ಗೆ ಎರಡು ಮಾತು. ಅಸೋಸಿಯೇಟ್ ಮೆಂಬರ್, ಮೆಂಬರ್, ಫೆಲೋ ಎಂದು ಮೂರು ಮೆಟ್ಟಿಲು: ಎಎಂಐಇ, ಎಂಐಇ, ಎಫ್‌ಐಇ. ಮೇಲೆ ಹೋದಂತೆ ಅನುಭವ ಮತ್ತು ಜವಾಬ್ದಾರಿಯ ಪುರಾವೆ ಜಾಸ್ತಿ ಕೇಳುತ್ತಾರೆ. ಇವನ್ನು ಕಾರ್ಪೊರೇಟ್ ಸದಸ್ಯತ್ವ ಎನ್ನುತ್ತಾರೆ, ಅಂದರೆ ಸಂಸ್ಥೆಯ ಪೂರ್ಣ ಸದಸ್ಯತ್ವ, ಕಂಪನಿಗೆ ಕೊಡುವುದಲ್ಲ. ಚಾರ್ಟರ್ಡ್ ಎಂಜಿನಿಯರ್ ಎನ್ನುವುದು ಇದರ ಮೇಲೆ ಬೇರೆಯೇ ಅರ್ಜಿ ಹಾಕಿ ಪಡೆಯಬೇಕಾದ ಪ್ರಮಾಣಪತ್ರ. ಮೆಂಬರ್ ಆದ ದಿನವೇ ಚಾರ್ಟರ್ಡ್ ಎಂಜಿನಿಯರ್ ಎಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಅದು ತಪ್ಪು.

ಈಗ ನಿಮ್ಮ ಮಾಲೀಕರ ಲೆಕ್ಕಾಚಾರಕ್ಕೆ ಬರೋಣ. ಉತ್ತರದ ತಿರುಳು ಇಲ್ಲಿದೆ.

ನಿಮ್ಮ ಕಂಪನಿ ರಫ್ತು ಮಾಡುತ್ತದೆ, ಯಂತ್ರ ತರಿಸುತ್ತದೆ ಎಂದ ಮೇಲೆ ಬಹುಶಃ ಇಪಿಸಿಜಿ ಯೋಜನೆಯಲ್ಲೇ ಇರಬೇಕು. ಸುಂಕ ಇಲ್ಲದೆ ಯಂತ್ರ ತರಿಸಿ. ಬದಲಿಗೆ ಉಳಿಸಿದ ಸುಂಕದ 6 ಪಟ್ಟು ಮೌಲ್ಯದ ರಫ್ತನ್ನು 6 ವರ್ಷದಲ್ಲಿ ಮಾಡಿ ತೋರಿಸಿ. ಇದು ಅದರ ಸಾರ. ಇಲ್ಲಿ ಚಾರ್ಟರ್ಡ್ ಎಂಜಿನಿಯರ್ ಎರಡು ಕಡೆ ಬರುತ್ತಾನೆ. ಅರ್ಜಿ ಹಾಕುವಾಗ, ತರಿಸುವ ಯಂತ್ರಕ್ಕೂ ರಫ್ತು ಮಾಡುವ ವಸ್ತುವಿಗೂ ನಿಜವಾಗಿ ಸಂಬಂಧ ಇದೆ ಎಂದು ಬರೆದು ಕೊಡಬೇಕು. ಆಮೇಲೆ, ಯಂತ್ರ ನಿಜವಾಗಿಯೂ ಕಾರ್ಖಾನೆಗೆ ಬಂದು ಕೂತಿದೆ, ಓಡುತ್ತಿದೆ ಎಂದು ಇನ್‌ಸ್ಟಾಲೇಷನ್ ಸರ್ಟಿಫಿಕೇಟ್ ಬೇಕು. ಅದನ್ನು ಕಸ್ಟಮ್ಸ್‌ನವರು ಕೊಡಬಹುದು, ಅಥವಾ ಸ್ವತಂತ್ರ ಚಾರ್ಟರ್ಡ್ ಎಂಜಿನಿಯರ್ ಕೊಡಬಹುದು.

'ಸ್ವತಂತ್ರ' ಎಂದರೆ ಸಂಬಳ ಕೊಡುವ ಕಂಪನಿಯಿಂದ ಹೊರಗಿನವನು. ನಿಮ್ಮ ಮಾಲೀಕರ ಯೋಜನೆ ಮುರಿದು ಬೀಳುವುದು ಇಲ್ಲೇ. ನೀವು ನಾಳೆಯೇ ಚಾರ್ಟರ್ಡ್ ಎಂಜಿನಿಯರ್ ಆದರೂ ನಿಮ್ಮದೇ ಕಂಪನಿಯ ಯಂತ್ರಕ್ಕೆ ಸಹಿ ಹಾಕಿದರೆ ಅದು ಸ್ವತಂತ್ರ ಅಭಿಪ್ರಾಯ ಆಗುವುದಿಲ್ಲ. ಮಾಲೀಕರು ಕೆಟ್ಟ ಉದ್ದೇಶದಿಂದ ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಸುಮ್ನೆ ಖರ್ಚು ಉಳಿಸುವ ಯೋಚನೆ. ಆದರೆ ವರ್ಷಗಳ ನಂತರ ರಫ್ತಿನ ಲೆಕ್ಕ ಮುಚ್ಚುವಾಗ ಫೈಲು ತೆರೆದ ಅಧಿಕಾರಿ, ಸಹಿ ಮಾಡಿದವರ ಹೆಸರನ್ನು ನಿಮ್ಮ ಸಂಬಳದ ಪಟ್ಟಿಯಲ್ಲಿ ಕಂಡರೆ? ಉಳಿಸಿದ ಫೀಸಿನ ಹತ್ತಾರು ಪಟ್ಟು ತಲೆನೋವು.

ಹಳೆಯ ಯಂತ್ರಗಳ ವಿಷಯ ಇನ್ನೂ ಸೂಕ್ಷ್ಮ. ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಇಪಿಸಿಜಿ ಸಿಗುವುದಿಲ್ಲ, ಅದಕ್ಕೆ ಸುಂಕ ಕಟ್ಟಬೇಕು. ಸುಂಕ ಬೆಲೆಯ ಮೇಲೆ, ಆದ್ದರಿಂದ ಬೆಲೆ ಕಡಿಮೆ ತೋರಿಸುವ ಆಸೆ ಎಲ್ಲರಿಗೂ. ಹೊರಡುವ ದೇಶದಲ್ಲೇ ಚಾರ್ಟರ್ಡ್ ಎಂಜಿನಿಯರ್ ತಪಾಸಣೆ ಆಗಿರದಿದ್ದರೆ ಇಲ್ಲಿ ಬಂದರಿನಲ್ಲಿ ಆಗುತ್ತದೆ. ಕಸ್ಟಮ್ಸ್ ಅದಕ್ಕೆ ತನ್ನದೇ ಪ್ಯಾನೆಲ್ ಇಟ್ಟುಕೊಂಡಿರುತ್ತದೆ. ಚಾರ್ಟರ್ಡ್ ಎಂಜಿನಿಯರ್ ಆದ ಮಾತ್ರಕ್ಕೆ ಆ ಪ್ಯಾನೆಲ್‌ನಲ್ಲಿ ಹೆಸರು ಬರುವುದಿಲ್ಲ. ಬೇರೆ ಅರ್ಜಿ, ಬೇರೆ ಆಯ್ಕೆ.

ಆ ಕೆಲಸ ಹೇಗಿರುತ್ತದೆ ಎಂದು ಹೇಳಿದರೆ ನಿಮಗೆ ಅಂದಾಜು ಸಿಗುತ್ತದೆ. ಕಂಟೇನರ್ ಯಾರ್ಡಿನಲ್ಲಿ ಒಂದು ಹಳೆಯ ಸಿಎನ್‌ಸಿ ಲೇತ್ ಇದೆ ಎಂದುಕೊಳ್ಳಿ. ಕಾಗದದಲ್ಲಿ ಬರೆದಿರುವ ತಯಾರಿಕೆಯ ವರ್ಷ ಒಂದು, ನೇಮ್‌ಪ್ಲೇಟಿನಲ್ಲೂ ಅದೇ. ನಾನು ಮೊದಲು ನೋಡುವುದು ನೇಮ್‌ಪ್ಲೇಟಿನ ಮೇಲಿನ ಅಕ್ಷರವನ್ನಲ್ಲ, ಅದನ್ನು ಹಿಡಿದಿರುವ ರಿವೆಟ್ಟುಗಳನ್ನು. ಸುತ್ತ ಬಣ್ಣ ಮಾಸಿ ಎಣ್ಣೆ ಕುಡಿದು ಕಪ್ಪಾಗಿ, ರಿವೆಟ್ಟು ಮಾತ್ರ ಹೊಳೆಯುತ್ತಿದ್ದರೆ ಪ್ಲೇಟು ಬದಲಾಗಿದೆ ಎಂದು ಅನುಮಾನ ಪಡಬೇಕು. ಆಮೇಲೆ ಹಿಂದಿನ ಎಲೆಕ್ಟ್ರಿಕಲ್ ಕ್ಯಾಬಿನೆಟ್ ತೆಗೆಸುತ್ತೇನೆ. ಕಂಟ್ರೋಲರ್, ಸರ್ವೊ ಮೋಟರ್, ಕಾಂಟ್ಯಾಕ್ಟರ್‌ಗಳ ಮೇಲೆ ಅವುಗಳದೇ ತಯಾರಿಕೆಯ ಗುರುತು ಇರುತ್ತದೆ. ಯಂತ್ರದ ವರ್ಷಕ್ಕಿಂತ ಮೋಟರ್ ಹಳೆಯದಾಗಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ. ಹೊಸದಾಗಿದ್ದರೆ ರಿಪೇರಿ ಆಗಿದೆ, ಆ ಖರ್ಚು ಬೆಲೆಗೆ ಸೇರಬೇಕು. ಕೊನೆಗೆ ಗೈಡ್‌ವೇ, ಅಂದರೆ ಯಂತ್ರದ ಭಾಗ ಜಾರಿಕೊಂಡು ಓಡಾಡುವ ಹಳಿ. ಕೆತ್ತುವ ತುಂಡನ್ನು ಹಿಡಿಯುವ ಚಕ್ ಹತ್ತಿರದ ಭಾಗದಲ್ಲಿ ಉಗುರು ಓಡಿಸಿ ನೋಡಿದರೆ ಸವೆದ ಜಾಗ ಮುಗಿಯುವಲ್ಲಿ ಒಂದು ಸಣ್ಣ ಅಂಚು ಸಿಗುತ್ತದೆ. ಲೇತ್ ತನ್ನ ಆಯಸ್ಸಿನ ಹೆಚ್ಚು ಭಾಗ ದುಡಿದಿರುವುದು ಅಲ್ಲೇ. ಎದುರು ತುದಿಯ ಟೇಲ್‌ಸ್ಟಾಕ್ ಕಡೆ ಅದು ಸಿಗುವುದು ಕಡಿಮೆ. ಇಷ್ಟೆಲ್ಲ ನೋಡಿದ ಮೇಲೆ ಹೊಸದಿದ್ದಾಗಿನ ಬೆಲೆ, ಈಗಿನ ಸ್ಥಿತಿ, ಇನ್ನೆಷ್ಟು ವರ್ಷ ಬಾಳಿಕೆ ಎಂದು ಬರೆಯಬೇಕು. ಮೇಂಟೆನೆನ್ಸಿನಲ್ಲಿ 11 ವರ್ಷ ಕಳೆದ ನಿಮಗೆ ಇದು ಕಷ್ಟ ಅಲ್ಲ. ಕಾಲೇಜಿನಿಂದ ನೇರ ಆಫೀಸಿಗೆ ಹೋದ ಎಷ್ಟೋ ಜನರಿಗಿಂತ ನೀವು ಚೆನ್ನಾಗಿ ಮಾಡಬಲ್ಲಿರಿ.

ಕಷ್ಟ ಬೇರೆ ಕಡೆ ಇದೆ. ಸರಕಿನ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಒಬ್ಬ ಕ್ಲಿಯರಿಂಗ್ ಏಜೆಂಟ್ ನನಗೆ ವಾಟ್ಸ್ಆ್ಯಪಿನಲ್ಲಿ ನಾಲ್ಕು ಫೋಟೋ ಕಳಿಸಿ, 'ಸರ್, ಯಂತ್ರ ನೋಡೋಕೆ ಬರೋದೇನೂ ಬೇಡ, ಡ್ರಾಫ್ಟ್ ರೆಡಿ ಇದೆ, ಸೀಲ್ ಹಾಕಿ ಕಳಿಸಿ' ಎಂದಿದ್ದರು. ಆಗುವುದಿಲ್ಲ ಎಂದೆ. ಅವರಿಗೆ ಬೇಜಾರೇನೂ ಆಗಲಿಲ್ಲ, ಇನ್ನೊಬ್ಬರನ್ನು ಹುಡುಕಿಕೊಂಡರು. ಈ ವೃತ್ತಿಯ ನಿಜವಾದ ಕಾಯಿಲೆ ಇದು: ಸೀಲು ಬಾಡಿಗೆಗೆ ಕೊಡುವುದು. ಹೊಸದಾಗಿ ಬಂದವರ ಹತ್ತಿರವೇ ಮೊದಲು ಬರುತ್ತಾರೆ. ಕಸ್ಟಮ್ಸ್ ಕಾಯ್ದೆ, 1962ರಲ್ಲಿ 114ಎಎ ಎಂಬ ಸೆಕ್ಷನ್ ಇದೆ. ಗೊತ್ತಿದ್ದೂ ಸುಳ್ಳು ದಾಖಲೆಗೆ ಸಹಿ ಮಾಡಿದವರ ಮೇಲೆ ಸರಕಿನ ಮೌಲ್ಯದ 5 ಪಟ್ಟಿನವರೆಗೆ ದಂಡ ಹಾಕಬಹುದು. ಆಮದು ಮಾಡಿದವರಿಗೆ ಮಾತ್ರ ಅಲ್ಲ, ಸಹಿ ಮಾಡಿದವರಿಗೂ. ಸಾವಿರಗಳ ಫೀಸಿಗೆ ಕೋಟಿಯ ಯಂತ್ರದ ಹೊಣೆ ಹೊರುವ ಲೆಕ್ಕ ಯಾರಿಗೆ ಹೊಂದುತ್ತದೆ, ಹೇಳಿ.

ಗೆಳೆಯ ಹೇಳಿದ ಉಳಿದ ಸಹಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಬ್ಯಾಂಕುಗಳು ಯಂತ್ರಕ್ಕೆ ಸಾಲ ಕೊಡುವಾಗ ಚಾರ್ಟರ್ಡ್ ಎಂಜಿನಿಯರ್ ವರದಿ ಕೇಳುವುದು ಉಂಟು, ಆದರೆ ಅಲ್ಲೂ ಬ್ಯಾಂಕಿನದೇ ಪ್ಯಾನೆಲ್. ಕಂಪನಿ ಕಾಯ್ದೆ, ದಿವಾಳಿ ಸಂಹಿತೆ ಪ್ರಕಾರದ ವ್ಯಾಲ್ಯುಯೇಷನ್ ಆದರೆ ನೀವು ರಿಜಿಸ್ಟರ್ಡ್ ವ್ಯಾಲ್ಯುಯರ್ ಆಗಿರಲೇಬೇಕು. ಅದು 2017ರ ನಿಯಮಗಳ ಕೆಳಗೆ ದಿವಾಳಿ ಮಂಡಳಿಯ (ಐಬಿಬಿಐ) ಪರೀಕ್ಷೆ ಪಾಸು ಮಾಡಿ ಪಡೆಯುವ ನೋಂದಣಿ, ಐಇಐಗೆ ಸಂಬಂಧ ಇಲ್ಲ. ಬಿಲ್ಡಿಂಗ್ ಪ್ಲಾನ್ ವಿಷಯದಲ್ಲಿ, ರಾಷ್ಟ್ರೀಯ ಕಟ್ಟಡ ಸಂಹಿತೆ ಐಇಐನ ಸಿವಿಲ್ ವಿಭಾಗದ ಕಾರ್ಪೊರೇಟ್ ಸದಸ್ಯತ್ವವನ್ನು ಅರ್ಹತೆಗಳ ಸಾಲಿನಲ್ಲಿ ಹೆಸರಿಸುತ್ತದೆ. ಗೆಳೆಯ ಅದನ್ನೇ ಎಲ್ಲೋ ಕೇಳಿಸಿಕೊಂಡಿರಬೇಕು. ಆದರೆ ನೀವು ಮೆಕ್ಯಾನಿಕಲ್. ಮೇಲಾಗಿ ನಕ್ಷೆಗೆ ಸಹಿ ಹಾಕಲು ಆಯಾ ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಬೇಕು. ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಪ್ರಾಜೆಕ್ಟಿನ ಪ್ರತ್ಯೇಕ ಖಾತೆಯಿಂದ ಹಣ ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಪ್ರಮಾಣಪತ್ರ ಕೇಳುತ್ತಾರೆ, ಅಲ್ಲಿ 'ಚಾರ್ಟರ್ಡ್' ಎಂಬ ಷರತ್ತೇ ಇಲ್ಲ. ವಿದ್ಯುತ್ ಗುತ್ತಿಗೆಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್. ಎನರ್ಜಿ ಆಡಿಟ್‌ಗೆ ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೊ) ಪರೀಕ್ಷೆ. ಪ್ರೆಷರ್ ವೆಸಲ್, ಕ್ರೇನ್ ತಪಾಸಣೆಗೆ ಕಾರ್ಖಾನೆ ಇಲಾಖೆಯಿಂದ 'ಕಾಂಪಿಟೆಂಟ್ ಪರ್ಸನ್' ಎಂಬ ಮಾನ್ಯತೆ. ಒಂದು ಸೀಲು ಎಲ್ಲ ಬಾಗಿಲನ್ನೂ ತೆರೆಯುವುದಿಲ್ಲ.

ಕೆನಡಾ ವಿಷಯ. ಅಲ್ಲಿ ಎಂಜಿನಿಯರಿಂಗ್ ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯದ ಮಂಡಳಿ. ಐಇಐನ ಚಾರ್ಟರ್ಡ್ ಎಂಜಿನಿಯರ್ ಎಂಬುದು ಅಲ್ಲಿ ಲೈಸೆನ್ಸ್ ಅಲ್ಲ. ಬ್ರಿಟನ್ನಿನ ಚಾರ್ಟರ್ಡ್ ಎಂಜಿನಿಯರ್ ಕೂಡ ಬೇರೆ, ಅದನ್ನು ಅಲ್ಲಿನ ಎಂಜಿನಿಯರಿಂಗ್ ಕೌನ್ಸಿಲ್ ಕೊಡುತ್ತದೆ. ಹೆಸರು ಒಂದೇ ಇರುವುದರಿಂದ ಜನ ಬೆರೆಸಿಬಿಡುತ್ತಾರೆ. ಐಇಐ ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಎಂಜಿನಿಯರ್ ಎಂಬ ಪಟ್ಟಿಯನ್ನೂ ನಡೆಸುತ್ತದೆ. ಹಲವು ದೇಶಗಳ ಸಂಸ್ಥೆಗಳು ಸೇರಿ ಮಾಡಿಕೊಂಡ ಒಪ್ಪಂದ ಅದು. ಅದರಲ್ಲಿ ಹೆಸರಿದ್ದರೆ ಪರಿಶೀಲನೆ ಸ್ವಲ್ಪ ಹಗುರಾಗಬಹುದು, ಆದರೆ ಸ್ಥಳೀಯ ಲೈಸೆನ್ಸ್ ತಪ್ಪುವುದಿಲ್ಲ.

ಹೊರದೇಶಕ್ಕೆ ಹೋಗುವವರು ನೋಡಬೇಕಾದ ಕಾಗದ ಬೇರೆಯೇ ಇದೆ: ನೀವು ಓದಿದ ಕೋರ್ಸಿಗೆ ಎನ್‌ಬಿಎ, ಅಂದರೆ ಕೋರ್ಸುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇತ್ತೇ? 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್ ಎಂಬ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ಒಪ್ಪಂದದ ಕಾಯಂ ಸದಸ್ಯ ಆದದ್ದು ಎನ್‌ಬಿಎ ಮೂಲಕ, ಐಇಐ ಮೂಲಕ ಅಲ್ಲ. ಅದರಲ್ಲೂ ಟಿಯರ್-1, ಅಂದರೆ ಬಹುತೇಕ ಸ್ವಾಯತ್ತ ಕಾಲೇಜುಗಳ ಮಾನ್ಯತೆ ಮಾತ್ರ ಆ ಒಪ್ಪಂದಕ್ಕೆ ಲೆಕ್ಕ. ವಿಶ್ವವಿದ್ಯಾಲಯಕ್ಕೆ ಸೇರಿದ ಮಾಮೂಲಿ ಕಾಲೇಜಿನ ಟಿಯರ್-2 ಮಾನ್ಯತೆ ಅದರೊಳಗೆ ಬರುವುದಿಲ್ಲ. 2018ರಲ್ಲಿ ಕುವೈತ್ ತನ್ನಲ್ಲಿ ಕೆಲಸ ಮಾಡುವ ಎಂಜಿನಿಯರುಗಳಿಗೆ ಅಲ್ಲಿನ ಎಂಜಿನಿಯರುಗಳ ಸೊಸೈಟಿಯ ಒಪ್ಪಿಗೆ ಬೇಕು ಎಂದಾಗ, ಎನ್‌ಬಿಎ ಪಟ್ಟಿಯಲ್ಲಿ ತಮ್ಮ ಕಾಲೇಜು ಇಲ್ಲ ಎಂಬ ಕಾರಣಕ್ಕೆ ಎಷ್ಟೋ ಭಾರತೀಯರು, ವರ್ಷಗಟ್ಟಲೆ ಅಲ್ಲೇ ದುಡಿದವರು, ಪೇಚಿಗೆ ಸಿಕ್ಕಿದರು. ಕೊಲ್ಲಿ ದೇಶಗಳಲ್ಲಿ ನಮ್ಮ ಕರಾವಳಿಯ ಎಂಜಿನಿಯರುಗಳು ತುಂಬಾ ಜನ ಇದ್ದಾರಲ್ಲ, ಅವರನ್ನು ಕೇಳಿದರೆ ಇದರ ಬಿಸಿ ಎಷ್ಟಿತ್ತು ಎಂದು ಹೇಳುತ್ತಾರೆ. ಆಸ್ಟ್ರೇಲಿಯಾ ಸ್ವಲ್ಪ ವಾಸಿ. ಅಲ್ಲಿಗೆ ವಲಸೆ ಹೋಗುವವರ ಅರ್ಹತೆಯನ್ನು ಎಂಜಿನಿಯರ್ಸ್ ಆಸ್ಟ್ರೇಲಿಯಾ ಅಳೆಯುತ್ತದೆ, ಅಕಾರ್ಡಿನ ಪದವಿ ಇಲ್ಲದವರು ತಮ್ಮ ಕೆಲಸವನ್ನು ವಿವರವಾಗಿ ಬರೆದು ತೋರಿಸಲು ಪ್ರತ್ಯೇಕ ದಾರಿ ಇಟ್ಟಿದೆ.

ಇಷ್ಟು ಕೇಳಿದ ಮೇಲೆ 'ಹಾರ-ತುರಾಯಿ ಸಂಘ' ಎಂದ ಗೆಳೆಯನೇ ಸರಿ ಎಂದು ನಿಮಗೆ ಅನ್ನಿಸಬಹುದು. ಪೂರ್ತಿ ಸರಿಯಲ್ಲ. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಸನ್ಮಾನ, ಭಾಷಣ ಎಲ್ಲ ಇದೆ. ಸಂಜೆಯ ತಾಂತ್ರಿಕ ಉಪನ್ಯಾಸಗಳಿಗೆ ತಲೆ ನರೆತವರೇ ಜಾಸ್ತಿ ಬರುತ್ತಾರೆ ಎನ್ನುವುದೂ ನಿಜ. ನನಗೆ ಅದು ಬೇಸರದ ವಿಷಯ. ಆದರೆ ಅಣೆಕಟ್ಟಿನ ಗೇಟು, ಪವರ್ ಹೌಸಿನ ಟರ್ಬೈನ್ ನೋಡಿಕೊಂಡವರು ನಿವೃತ್ತರಾಗಿ ಬಂದು, ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ ಹೇಳುವುದನ್ನು ನಾನು ಅಂಥ ಸಭೆಗಳಲ್ಲೇ ಕೇಳಿದ್ದೇನೆ. ಪುಕ್ಕಟೆ. ಕೇಳಲು ಬರುವವರು ಬೇಕು, ಅಷ್ಟೆ.

ಸಂಸ್ಥೆ ಮಾಡುವ ಬೇರೆ ಕೆಲಸಗಳು ಹೊರಗೆ ಅಷ್ಟಾಗಿ ಕಾಣುವುದಿಲ್ಲ. 15 ಎಂಜಿನಿಯರಿಂಗ್ ವಿಭಾಗಗಳಿವೆ. ಸ್ಪ್ರಿಂಗರ್ ಜೊತೆ ಎ ಇಂದ ಇ ವರೆಗೆ ಐದು ಸರಣಿಯ ಜರ್ನಲ್ ತರುತ್ತದೆ, ನಿಮ್ಮ ಮೆಕ್ಯಾನಿಕಲ್ ಬರುವುದು ಸಿ ಸರಣಿಯಲ್ಲಿ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಅನುದಾನ ಕೊಡುತ್ತದೆ. ಹಳ್ಳಿ ಕಡೆಯ ಕಾಲೇಜುಗಳ ಮೇಷ್ಟ್ರುಗಳಿಗೆ ಇದು ಇನ್ನೂ ತಲುಪಿಲ್ಲ ಎಂದು ನನ್ನ ಅನುಮಾನ. ಹೈದರಾಬಾದಿನ ಎಂಜಿನಿಯರಿಂಗ್ ಸ್ಟಾಫ್ ಕಾಲೇಜ್ ಇದರದೇ. ಕೆಲಸದಲ್ಲಿರುವವರಿಗೆ ಅಲ್ಲಿ ಸಣ್ಣ ಕೋರ್ಸುಗಳು ನಡೆಯುತ್ತವೆ, ನಿಮ್ಮ ಮಾಲೀಕರಿಗೆ ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಅಂಥ ಒಂದು ಕೋರ್ಸಿಗೆ ಕಳಿಸಲಿ. ನೀತಿಸಂಹಿತೆ ಮುರಿದ ಸದಸ್ಯರ ಮೇಲೆ ದೂರು ಕೊಡಬಹುದು. ಆದರೆ ಕಾಯ್ದೆಯ ಬಲ ಇಲ್ಲದ ಕಾರಣ ಅದರ ಏಟು ಸದಸ್ಯತ್ವದ ಮೇಲೆ ಬೀಳಬಹುದೇ ಹೊರತು ಅವರ ವೃತ್ತಿಯನ್ನು ನಿಲ್ಲಿಸಲು ಆಗುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳು ನನಗೆ ಕಾಣುವಂತೆ ಹೀಗಿವೆ. ಇದೇ ಕಂಪನಿಯಲ್ಲಿ ಮುಂದುವರಿಯುವುದೇ ಯೋಚನೆ ಆದರೆ ಸದಸ್ಯತ್ವ ತೆಗೆದುಕೊಳ್ಳಿ, ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರಕ್ಕೆ ಅವಸರ ಬೇಡ. ನಾಲ್ಕೈದು ವರ್ಷದಲ್ಲಿ ಸ್ವಂತ ಕನ್ಸಲ್ಟೆನ್ಸಿ ಮಾಡುವ ಆಸೆ ಇದ್ದರೆ ಮಾತು ಬೇರೆ. ಆಗ ಈಗಲೇ ಶುರು ಮಾಡಿ. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಅದರ ಜೊತೆಗೆ ಯಂತ್ರಗಳ ರಿಜಿಸ್ಟರ್ಡ್ ವ್ಯಾಲ್ಯುಯರ್ ಪರೀಕ್ಷೆಯನ್ನೂ ಬರೆಯುತ್ತಿದ್ದೆ. ಮೆಕ್ಯಾನಿಕಲ್ ಪದವಿಯ ನಂತರ 5 ವರ್ಷ ಅನುಭವ ಕೇಳುತ್ತಾರೆ, ನಿಮಗೆ ಅದು ಆಗಲೇ ದಾಟಿದೆ. ವ್ಯಾಲ್ಯುಯರ್ ಸಂಸ್ಥೆಯೊಂದರ ಸದಸ್ಯರಾಗಿ 50 ಗಂಟೆಯ ಕೋರ್ಸ್ ಮುಗಿಸಬೇಕು. ಆ ನೋಂದಣಿಗೆ ಕಾನೂನಿನ ಬೆನ್ನಿದೆ, ಕೇಳುವವರು ಯಾರು ಎಂಬುದೂ ಸ್ಪಷ್ಟ. ಬಾಯ್ಲರ್, ಕಂಪ್ರೆಸರ್ ಕಡೆ ಒಲವಿದ್ದರೆ ಬಿಇಇಯ ಎನರ್ಜಿ ಆಡಿಟರ್ ಪರೀಕ್ಷೆ ನೋಡಿ, 4 ಪೇಪರ್, ಕೆಲಸ ಮಾಡುತ್ತಲೇ ಬರೆಯಬಹುದು. ಅಪಾಯ ಏನೆಂದರೆ, ಎರಡರಲ್ಲೂ ಹೊಸಬರಿಗೆ ಮೊದಲ ಒಂದೆರಡು ವರ್ಷ ಕೆಲಸ ತೆಳುವಾಗಿರುತ್ತದೆ. ಸಂಬಳ ಬಿಟ್ಟು ಹಾರಬೇಡಿ. ಸಂಬಳದಲ್ಲಿದ್ದುಕೊಂಡೇ ಹೊರಗಿನ ಸರ್ಟಿಫಿಕೇಟ್ ಕೆಲಸ ಮಾಡುವುದಾದರೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಒಮ್ಮೆ ತೆಗೆದು ಓದಿ. ಬಹಳ ಕಂಪನಿಗಳು ಅದಕ್ಕೆ ಲಿಖಿತ ಒಪ್ಪಿಗೆ ಕೇಳುತ್ತವೆ.

ಅರ್ಜಿ ಹಾಕುವಾಗ ಏಜೆಂಟರು ಬೇಡ. ಫಾರ್ಮು, ಫೀಸಿನ ಪಟ್ಟಿ ಎಲ್ಲ ಸಂಸ್ಥೆಯ ಜಾಲತಾಣದಲ್ಲೇ ಇವೆ. ಅಂಬೇಡ್ಕರ್ ವೀಧಿಯ ಕಚೇರಿಗೆ ಒಂದು ದಿನ ಹೋದರೆ ಕೂರಿಸಿ ಹೇಳುತ್ತಾರೆ. ಅನುಭವದ ಪತ್ರ ಬರೆಸುವಾಗ ಮಾತ್ರ ಎಚ್ಚರ ಇರಲಿ. ಎಚ್‌ಆರ್‌ನವರು ಕೊಡುವ 'ಇವರು ಇಂಥ ದಿನದಿಂದ ಕೆಲಸದಲ್ಲಿದ್ದಾರೆ' ಎಂಬ ಒಂದು ಸಾಲಿನ ಕಾಗದ ಸಾಲದು. ಯಾವ ಯಂತ್ರಗಳ ಹೊಣೆ ನಿಮ್ಮದಾಗಿತ್ತು, ಯಾವ ನಿರ್ಧಾರ ನೀವೇ ತೆಗೆದುಕೊಂಡಿರಿ, ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು ಎಂದು ಬಿಡಿಸಿ ಬರೆಸಿಕೊಳ್ಳಿ. ಮಾಲೀಕರು ಈಗ ಉತ್ಸಾಹದಲ್ಲಿದ್ದಾರೆ, ಅವರಿಂದ ಆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಇದೇ ಒಳ್ಳೆಯ ಸಮಯ. ಇಪಿಸಿಜಿ ಸರ್ಟಿಫಿಕೇಟಿಗೆ ಹೊರಗಿನವರೇ ಬರಬೇಕು ಎಂಬ ಮಾತನ್ನೂ ಆಗಲೇ ಹೇಳಿಬಿಡಿ, ಫೀಸು ಕಟ್ಟಿದ ಮೇಲೆ ಅಲ್ಲ.